ಐದು ಕಾಳಿನ ತಿರುವು

ಅವರ ಬಲಗೆನ್ನೆಯ ಮೇಲೆ, ಕಣ್ಣಿನ ಕೆಳಗಿನಿಂದ ಕಿವಿಯ ಹಾಲೆಯವರೆಗೆ, ಸ್ಕೇಲ್ ಇಟ್ಟು ಎಳೆದಂಥ ಒಂದು ಸುಟ್ಟ ಗೆರೆ ಇತ್ತು. ಯಾದಗಿರಿಯ ಬೇಸಿಗೆಯಲ್ಲಿ ಕಾದ ರೈಲು ಹಳಿಗೆ ಕೆನ್ನೆ ಹಚ್ಚಿ, ಒಂದು ಕಣ್ಣು ಮುಚ್ಚಿ, ಹಳಿ ಎಲ್ಲಾದರೂ ಸೊಟ್ಟಗಾಗಿದೆಯೇ ಎಂದು ವರ್ಷಗಟ್ಟಲೆ ನೋಡಿದ್ದರ ಗುರುತು ಅದು. ನಾನು ಅವರನ್ನು ಮಾತಾಡಿಸುವ ವಯಸ್ಸಿಗೆ ಬರುವಷ್ಟರಲ್ಲಿ ರೈಲಿನ ನೌಕರಿ ಹೋಗಿತ್ತು. ಗೆರೆ ಮಾತ್ರ ಉಳಿದಿತ್ತು.

ಊರೆಲ್ಲ ಅವರನ್ನು ಮುಕಾದಮ ಎನ್ನುತ್ತಿತ್ತು. ಹಳಿ ನೋಡಿಕೊಳ್ಳುವ ಗ್ಯಾಂಗಿನ ಹಿರಿಯನಿಗೆ ನಮ್ಮ ಕಡೆ ಆ ಹೆಸರು. ನನಗೆ ಅವರು ಮುಕಾದಮ ಕಾಕಾ. ನಮ್ಮ ತಂದೆ ಯಾದಗಿರಿಯಲ್ಲಿ ವಕೀಲರು. ಸ್ಟೇಷನ್ನಿಗೆ ಹತ್ತಿರ ಮನೆ. ಹಿತ್ತಲ ಗೋಡೆಯ ಆಚೆ ಮುಕಾದಮ ಕಾಕಾನ ಎರಡು ಖೋಲಿ. ನಿಜಾಮರ ರಾಜ್ಯ ಇನ್ನೂ ಗಟ್ಟಿಯಾಗಿದ್ದ ಕಾಲ, ಎರಡನೆಯ ಮಹಾಯುದ್ಧ ಶುರುವಾಗಿರಲಿಲ್ಲ. ನಮ್ಮೂರಲ್ಲಿ ಶಾಲೆ ಉರ್ದುವಿನಲ್ಲಿ, ಕೋರ್ಟು ಉರ್ದುವಿನಲ್ಲಿ, ಜಗಳ ಮಾತ್ರ ಕನ್ನಡದಲ್ಲಿ. ಮಗಳು ಇಂಗ್ಲಿಷ್ ಕಲಿಯಬೇಕೆಂಬುದು ತಂದೆಯವರ ಹಟ. ಹಾಗಾಗಿ ನನ್ನನ್ನು ಸಿಕಂದರಾಬಾದಿನ ಕಾನ್ವೆಂಟಿಗೆ ಸೇರಿಸಿದ್ದರು. ಬೇಸಿಗೆ ರಜೆಗೆ ವಾಡಿಯಲ್ಲಿ ಗಾಡಿ ಬದಲಿಸಿ ಮನೆ ಮುಟ್ಟಿದೆನೆಂದರೆ, ಸೂಟ್‌ಕೇಸ್ ಇಳಿಸುವ ಮೊದಲೇ ಗೋಡೆಯಾಚೆಯಿಂದ ಕೂಗು ಬರುತ್ತಿತ್ತು.

“ಬಂದಳೇನ್ರಿ ಕಾನ್ವೆಂಟ್ ಅವ್ವಿ? ಸಿಸ್ಟರಗೋಳು ಅನ್ನ ಹಾಕ್ಯಾರೋ, ಬರೇ ಪ್ರಾರ್ಥನಿ ಮಾಡಿಸ್ಯಾರೋ? ಕೈ ನೋಡು, ಕಡ್ಡಿ ಆಗ್ಯಾವ!”

ಅವರ ತಂದೆ ಭೀಮಾ ನದಿಯಲ್ಲಿ ಹರಿಗೋಲು ಹಾಕುತ್ತಿದ್ದರು, ಮೀನು ಹಿಡಿಯುತ್ತಿದ್ದರು. ಆ ಮನೆತನದಿಂದ ನೀರು ಬಿಟ್ಟು ರೈಲಿಗೆ ಹೋದವರಲ್ಲಿ ಇವರೇ ಮೊದಲು. ತಂದೆ ಹೊಸೆದ ಗಾಳದ ದಾರವೊಂದನ್ನು ಉಡಿದಾರದ ಜೊತೆಗೇ ಸೊಂಟಕ್ಕೆ ಸುತ್ತಿಕೊಂಡಿರುತ್ತಿದ್ದರು. ಹಳಿಯ ತಿರುವು ಸರಿಯಿದೆಯೇ ಎಂದು ನೋಡುವುದು ಆ ದಾರದಿಂದ. ಬಾಗಿದ ಹಳಿಯ ಒಳಮೈಗೆ ದಾರದ ಎರಡು ತುದಿಗಳನ್ನು ಹಿಡಿದು ಬಿಗಿಯಾಗಿ ಎಳೆದರೆ ದಾರ ನೇರ ನಿಲ್ಲುತ್ತದೆ, ನಡುವೆ ಹಳಿಗೂ ದಾರಕ್ಕೂ ಒಂದಿಷ್ಟು ಸಂದು ಬೀಳುತ್ತದೆ. ತಿರುವಿನುದ್ದಕ್ಕೂ ಎಲ್ಲಿ ಅಳೆದರೂ ಆ ಸಂದು ಒಂದೇ ಇರಬೇಕು. ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆಯಾದರೆ ಹಳಿ ಕೆಟ್ಟಿದೆ ಎಂದರ್ಥ.

ನೌಕರಿ ಹೋದ ಮೇಲೂ ಆ ಚಟ ಹೋಗಲಿಲ್ಲ. ಬಂಡಿಯ ಗಾಲಿ, ಕೊಡದ ಬಾಯಿ, ನನ್ನ ಬಳೆ, ಎಲ್ಲದಕ್ಕೂ ದಾರ. ಒಮ್ಮೆ ಹೆಂಡತಿ ಬಡಿದ ರೊಟ್ಟಿಗೂ ಹಿಡಿದರು. ಆಕೆ ಕೆಂಭಾವಿಯವರು, ಬಾಯಿ ಚುರುಕು.

“ಅದು ಪಟ್ರಿ ಅಲ್ಲ, ರೊಟ್ಟಿ. ಅದರ ಮ್ಯಾಲ ಮೇಲ್ ಗಾಡಿ ಬರಂಗಿಲ್ಲ. ತಿನ್ರಿ ಸುಮ್ನ!”

ನೌಕರಿ ಹೋದ ಕಥೆ ಇಷ್ಟು. ಸ್ಟೇಷನ್ನಿನಿಂದ ಹತ್ತಿ ಕಾರ್ಖಾನೆಗೆ ಒಂದು ಸಣ್ಣ ಹಳಿ ಹೋಗುತ್ತಿತ್ತು. ಜಾಗವಿಲ್ಲದೆ ಅದನ್ನು ತೀರಾ ಇಕ್ಕಟ್ಟಾಗಿ ತಿರುಗಿಸಿದ್ದರು. ಪುಟ್ಟ ಇಂಜಿನ್ನೊಂದು ಹತ್ತಿಯ ಡಬ್ಬಿಗಳನ್ನು ಎಳೆದುಕೊಂಡು ಅದರ ಮೇಲೆ ಹೋಗಿಬರುತ್ತಿತ್ತು. ಅದು ಕೆಟ್ಟು ನಿಂತ ಒಂದು ದಿನ ಮೇಲ್ ಗಾಡಿಯ ದೊಡ್ಡ ಇಂಜಿನ್ನನ್ನೇ ಆ ತಿರುವಿಗೆ ಹೊಗಿಸಿದರು. ಅದು ಹಳಿ ಬಿಟ್ಟು ಮಗ್ಗುಲಾಯಿತು. ಕಲ್ಲಿದ್ದಲು ಹಾಕುವವನೊಬ್ಬನ ಕಾಲು ಹೋಯಿತು. ವಿಚಾರಣೆಗೆ ಬಂದ ಬಿಳಿಯ ಇಂಜಿನಿಯರ್ ಸಾಹೇಬರು, ಹಳಿಯ ತಿರುವು ಸರಿಯಿರಲಿಲ್ಲ ಎಂದು ಬರೆದರು. ಮುಕಾದಮ ಕಾಕಾ ಆ ಕಾಗದಕ್ಕೆ ಹೆಬ್ಬೆಟ್ಟು ಒತ್ತಲಿಲ್ಲ. ಒತ್ತದಿದ್ದರೂ ನೌಕರಿ ಹೋಯಿತು. ಅಂದಿನಿಂದ ಅವರು ಸ್ಟೇಷನ್ನಿನ ಬೇಲಿಯೊಳಗೆ ಕಾಲಿಡಲಿಲ್ಲ. ಕಾಲು ಕಳೆದುಕೊಂಡವನೂ ನಮ್ಮೂರಿನವನೇ. ಅವನ ಊರುಗೋಲಿನ ಸದ್ದು ಕೇಳಿದರೆ ಕಾಕಾ ಬೇರೆ ಓಣಿ ಹಿಡಿದು ಹೋಗುತ್ತಿದ್ದರು.

“ನೌಕರಿ ಹೋದ್ರ ಹೋಗಲಿ ಅವ್ವಿ,” ಎಂದಿದ್ದರು ಒಮ್ಮೆ. “ಮುಕಾದಮನ ಪಟ್ರಿ ಸರಿ ಇತ್ತು ಅಂತ ಅವರ ಬಾಯಿಂದ ಒಂದು ಮಾತು ಬರಬೇಕು. ಅವನ ಕಾಲು ನಾ ತಗದಿಲ್ಲ.”

ದೊಡ್ಡ ಇಂಜಿನ್ ಯಾಕೆ ಬೀಳುತ್ತದೆ ಎಂದು ಕೇಳಿದೆ. ಕಾಕಾ ತಾವು ಮಲಗುವ ಹೊರಸಿನ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ತಾವು ಹಿಡಿದು, ಇಬ್ಬರ ಮನೆಯ ನಡುವಿನ ಸಂದಿಯಲ್ಲಿ ನಡೆಸಿದರು. ಸಂದಿ ತಿರುಗುವಲ್ಲಿ ಹೊರಸು ಸಿಕ್ಕಿಕೊಂಡಿತು. ಹಿಂದೆ ಹೋಗಲಿಲ್ಲ, ಮುಂದೆ ಬರಲಿಲ್ಲ. ಗೋಡೆಯ ಮಣ್ಣು ಉದುರಿತು. ಆಮೇಲೆ ನಾನು ಕೂರುವ ಸ್ಟೂಲನ್ನು ಅದೇ ಸಂದಿಯಲ್ಲಿ ಕಳಿಸಿದರು. ಸರಾಗವಾಗಿ ಹೋಯಿತು.

“ಇಂಜಿನ್ನಿನ ದೊಡ್ಡ ಗಾಲಿಗೋಳು ಒಂದ ಚೌಕಟ್ಟಿಗೆ ಬಿಗದಿರ್ತಾವ. ಹೊರಸಿನಂಗ. ಬಾಗು ಅಂದ್ರ ಬಾಗಂಗಿಲ್ಲ. ಈಗ ಹೇಳು, ಹೊರಸಿಂದು ತಪ್ಪೋ, ಸಂದಿದು ತಪ್ಪೋ?”

“ಎರಡರದೂ ಅಲ್ಲ.”

“ಶಾಬಾಸ್. ಇದನ್ನ ಇದರಾಗ ಹೊಗಸಿದವಂದು.”

“ಹೊಗಸಿದವರು ನೀವ,” ಎಂದರು ಒಳಗಿನಿಂದ ಕಾಕಿ. “ನನ್ನ ಹೊರಸು ಮುರದ್ರ ನೆಲದ ಮ್ಯಾಲ ಮಲಗೋವ್ರೂ ನೀವ.”

ನನಗೆ ಹನ್ನೊಂದು ತುಂಬಿದ ಬೇಸಿಗೆಯಲ್ಲಿ ಶಹಾಪುರದ ದೇಸಾಯರು ಮುಂಬಯಿಯಿಂದ ಒಂದು ಆಟದ ರೈಲು ತರಿಸಿದರು. ಅವರು ನಮ್ಮ ತಂದೆಯವರ ದೊಡ್ಡ ಕಕ್ಷಿದಾರರು. ರೈಲು ಮಕ್ಕಳಿಗಲ್ಲ, ತಮಗೇ. ಕ್ಯಾಟಲಾಗಿನಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಇಂಜಿನ್: ಹಸಿರು ಬಣ್ಣ, ಮೊಳದುದ್ದ, ಕೀಲಿ ತಿರುವಿದರೆ ಓಡುವಂಥದು. ವಾಡೆಯ ಪಡಸಾಲೆಯಲ್ಲಿ ಕಂಬಗಳ ಸುತ್ತ ಓಡಬೇಕೆಂದು ಎಲ್ಲಕ್ಕಿಂತ ಚಿಕ್ಕ ತಿರುವಿನ ಹಳಿಗಳನ್ನು ತರಿಸಿದ್ದರು. ಮೊದಲ ಕಂಬ ಸುತ್ತುವುದರೊಳಗೇ ಇಂಜಿನ್ ಬೀಳುತ್ತಿತ್ತು. ಅದರ ಜೊತೆ ಬಂದ ನಾಲ್ಕು ಗಾಲಿಯ ಪುಟಾಣಿ ಇಂಜಿನ್ ಪೆಟ್ಟಿಗೆಯಲ್ಲೇ ಬಿದ್ದಿತ್ತು. ದೇಸಾಯರ ದೊಡ್ಡಸ್ತಿಕೆಗೆ ಅದು ಸಾಲದು.

ತಂದೆಯವರು ಹಿತ್ತಲ ಗೋಡೆಯ ಹತ್ತಿರ ನಿಂತು ಕರೆದರು. “ಮುಕಾದಮ, ಶಹಾಪುರಕ್ಕ ಬರ್ತೀಯೇನು? ದೇಸಾಯರ ಗಾಡಿ ಬೀಳಾಕತ್ತದ.”

“ಆಟಗಿ ರಿಪೇರಿ ನನಗ ಬರಂಗಿಲ್ರಿ ವಕೀಲಸಾಬ್.”

“ರೈಲಿನ ಸಾಹೇಬರು ಅವರಲ್ಲಿ ಊಟಕ್ಕ ಬರಾವರ ಅದಾರ. ದೇಸಾಯರಿಗೆ ಪಟ್ರಿ ದಾಟೋ ಹೊಲದ ಹಾದಿಗೊಂದು ರೈಲ್ವೆ ಗೇಟು ಆಗಬೇಕಾಗ್ಯದ. ಸಾಹೇಬರ ಮುಂದ ಗಾಡಿ ಬಿದ್ರ ಮಾನ ಹೋಗ್ತದ.”

“ಯಾವ ಸಾಹೇಬ್ರಿ?”

ತಂದೆ ಹೇಳಿದರು. ವಿಚಾರಣೆಯ ಕಾಗದ ಬರೆದ ಅದೇ ಸಾಹೇಬರು.

“ಬರ್ತೀನ್ರಿ,” ಎಂದರು ಕಾಕಾ. “ಅವ್ವಿನೂ ಬರಲಿ. ಅದರ ಮ್ಯಾಲ ಇಂಗ್ಲಿಷ್‌ನಾಗ ಏನೇನೋ ಬರದಿರ್ತದ.”

ಬಂಡಿ ಕಟ್ಟಿಕೊಂಡು ಹೊರಟೆವು. ಭೀಮೆಯಲ್ಲಿ ನೀರು ಎತ್ತಿನ ಮೊಣಕಾಲಿಗೂ ಇರಲಿಲ್ಲ. ದೋರನಹಳ್ಳಿಯಲ್ಲಿ ಎತ್ತಿಗೆ ನೀರು ಕುಡಿಸಿ, ಸಂಜೆಗೆ ವಾಡೆ ಮುಟ್ಟಿದೆವು. ಸಾಹೇಬರು ಬರುವುದಕ್ಕೆ ಇನ್ನೂ ಮೂರು ದಿನವಿತ್ತು.

ಮರುದಿನ ಬೆಳಿಗ್ಗೆ ಮುಕಾದಮ ಕಾಕಾ ಮಾಡಿದ ಮೊದಲ ಕೆಲಸ, ಪಡಸಾಲೆಯ ನೆಲದ ಮೇಲೆ ಉದ್ದಕ್ಕೆ ಮಲಗಿ ಆ ತಗಡಿನ ಹಳಿಗೆ ಸುಟ್ಟ ಕೆನ್ನೆ ಹಚ್ಚಿದ್ದು. ಕೆಲಸದ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಅವರು ಇಂಜಿನ್ನನ್ನು ಕೈಯಿಂದಲೇ ನಿಧಾನವಾಗಿ ತಿರುವಿನಲ್ಲಿ ತಳ್ಳಿದರು. ಆರು ದೊಡ್ಡ ಗಾಲಿಗಳಲ್ಲಿ ನಡುವಿನ ಜೋಡಿ ಮೊದಲು ಬಿಗಿಯಿತು, ಮುಂದಿನದು ಹಳಿಯ ಮೇಲೆ ಏರಿತು, ಇಂಜಿನ್ ಆಚೆ ಇಳಿಯಿತು. ಅಷ್ಟರಲ್ಲಿ ಪೆಟ್ಟಿಗೆಯ ತಳದ ಹುಲ್ಲಿನಲ್ಲಿ ನನಗೊಂದು ಲೀಫ್‌ಲೆಟ್ ಸಿಕ್ಕಿತು. ಅಲ್ಲಿಯವರೆಗೆ ಅದನ್ನು ಯಾರೂ ಬಿಚ್ಚಿರಲಿಲ್ಲ. ಕಾನ್ವೆಂಟಿನ ಎಲೊಕ್ಯೂಶನ್ ಕ್ಲಾಸಿನ ಠೀವಿಯಲ್ಲಿ ಇಂಗ್ಲಿಷ್ ಓದಿ, ಕನ್ನಡದಲ್ಲಿ ಹೇಳಿದೆ.

“ಮೂರು ಅಡಿಗಿಂತ ಚಿಕ್ಕ ತಿರುವಿನ್ಯಾಗ ಈ ಇಂಜಿನ್ ಓಡಿಸಬ್ಯಾಡ್ರಿ ಅಂತ ಬರದಾರ ಕಾಕಾ. ಈ ಹಳಿ ಮ್ಯಾಲ ಎರಡು ಅಡಿ ಅಂತ ಅದ.”

“ಇನ್ನೊಮ್ಮೆ ಓದು.”

ಮೂರು ಸಲ ಓದಿಸಿದರು. ಕಡೆಗೆ ಗೋಡೆಗೊರಗಿ ಕೂತು ನಕ್ಕರು. ಅದು ಖುಷಿಯ ನಗು ಎಂದು ನಾನು ಆಗ ತಿಳಿದಿದ್ದೆ.

“ಆಟಗಿ ಮಾಡೋವ್ರು ತಿಳದು ಬರದಾರ ನೋಡು. ಖರೆ ಇಂಜಿನ್ ಓಡಸೋವ್ರಿಗೆ ಓದಾಕ ಬರಲಿಲ್ಲ.”

ದೇಸಾಯರಿಗೆ ಅವರು ಮುಚ್ಚುಮರೆಯಿಲ್ಲದೆ ಹೇಳಿದರು. “ಧಣಿ, ಅಂಗಳಕ್ಕ ಬಿಡ್ರಿ. ತಗಡು ಬಗ್ಗಿಸಿ ಅಗಲ ತಿರುವು ಹಾಕಿಕೊಡ್ತೀನಿ, ತುಳಸಿ ಕಟ್ಟಿ ಸುತ್ತ ಗಾಳಿ ಹೋದಂಗ ಹೋಗ್ತದ.”

“ಸಾಹೇಬರನ್ನ ಬಿಸಲಾಗ ನಿಂದರಸಲೇನು?”

“ಇಲ್ಲಾಂದ್ರ ನಡುವಿನ ಗಾಲಿ ಅಂಚಿನ ತುಟಿ ಕಾನಸಲೆ, ಅರದಲೆ, ತಿಕ್ಕಿ ಸವಸಬೇಕು. ಆವಾಗ ಅದು ಹಳಿ ಮ್ಯಾಲ ಸರದಾಡ್ತದ, ಬಿಗಿಯಂಗಿಲ್ಲ.”

“ನನ್ನ ಇಂಜಿನ್ನಿಗೆ ಕಾನಸ ಹಚ್ಚಿದ್ರ ನಿನ್ನ ಕೈಗೇ ಕಾನಸ ಹಚ್ಚತೀನಿ ನೋಡು!”

“ಹಂಗಾರ ಬೀಳ್ತದ್ರಿ.”

“ಪಟ್ರಿ ಸರಿ ಹಾಕು. ತಾನ ನಿಂದರತದ.”

ಕಾಕಾ ಎರಡು ದಿನ ಆ ಹಳಿ ಹಾಕಿದರು. ಗಾಳದ ದಾರ ಹಿಡಿದರೆ ಬೀಳುವ ಸಂದು ಬೆರಳಗಲವೂ ಇಲ್ಲ. ಅದನ್ನು ಅಳೆಯಲು ಅವರ ಹಳೆಯ ಮರದ ಪಟ್ಟಿ ಒರಟಾಯಿತು. ಜೋಳದ ಕಾಳು ತರಿಸಿದರು. ಒಂದೇ ದಪ್ಪದ ಐದು ಕಾಳುಗಳನ್ನು ನಾನು ಮೊರದ ತುಂಬ ಹುಡುಕಿ ಆರಿಸಿ ಕೊಟ್ಟೆ. ದಾರಕ್ಕೂ ಹಳಿಗೂ ನಡುವೆ ಸಾಲಾಗಿ ಇಟ್ಟರೆ ಐದು ಕಾಳು ಸರಿಯಾಗಿ ಕೂರಬೇಕು. ಎಲ್ಲ ಕಡೆಯೂ ಐದು. ಒಂದು ಕಡೆ ಐದು ಕೂತ ಮೇಲೆ ಕೂದಲೆಳೆಯಷ್ಟು ಸಂದು ಉಳಿಯಿತೆಂದು ಅರ್ಧ ದಿನ ಮತ್ತೆ ಹಾಕಿದರು. ಅಷ್ಟು ನಿಷ್ಠೆಯಿಂದ ಯಾರಾದರೂ ಕೆಲಸ ಮಾಡುವುದನ್ನು ಆಮೇಲೆ ನಾನು ದೊಡ್ಡ ದೊಡ್ಡ ಆಫೀಸುಗಳಲ್ಲೂ ಕಂಡಿಲ್ಲ. ಬೀಳುತ್ತದೆ ಎಂದು ಗೊತ್ತಿದ್ದೇ ಹಾಕಿದರು, ನೋಡಿ.

ಸಾಹೇಬರು ಮೇಮ್‌ಸಾಹೇಬರ ಜೊತೆ ಬಂದರು. ಮುಕಾದಮನ ಕೆನ್ನೆಯ ಗೆರೆ ನೋಡಿ ಒಂದು ಕ್ಷಣ ತಡೆದರು, ಆಮೇಲೆ ಬೇರೆ ಕಡೆ ನೋಡಿದರು. ಊಟವಾಯಿತು. ಕಾಕಾ ಕೇಳದೆಯೇ ಮೊದಲು ಪುಟಾಣಿ ಇಂಜಿನ್ನಿಗೆ ಕೀಲಿ ಕೊಟ್ಟು ಬಿಟ್ಟರು. ಅದು ಟಕಟಕ ಎಂದು ಕಂಬಗಳನ್ನು ಮೂರು ಸುತ್ತು ಸುತ್ತಿ ಬಂದು ನಿಂತಿತು. ಮೇಮ್‌ಸಾಹೇಬರು ಚಪ್ಪಾಳೆ ತಟ್ಟಿದರು. “ಅದು ಬ್ಯಾಡೋ, ದೊಡ್ಡದು ಬಿಡು!” ಎಂದರು ದೇಸಾಯರು.

ದೊಡ್ಡದು ಹೊರಟಿತು. ನೇರ ಹಳಿಯಲ್ಲಿ ಎಷ್ಟು ಚಂದ ಹೋಯಿತು! ಮೊದಲ ತಿರುವಿನಲ್ಲಿ ಕಿರ್ ಎಂದಿತು, ಮೂತಿ ಎತ್ತಿತು, ಹೊರಗೆ ಉರುಳಿ ಕಂಬಕ್ಕೆ ಬಡಿಯಿತು. ಬೆನ್ನ ಮೇಲೆ ಬಿದ್ದ ಜೀರುಂಡೆಯಂತೆ ಗಾಲಿಗಳು ತಿರುಗುತ್ತಲೇ ಇದ್ದವು.

“ಏ ಮುಕಾದಮ!” ದೇಸಾಯರ ಮುಖ ಕೆಂಪಾಗಿತ್ತು. “ಪಟ್ರಿ ಹಾಕಾಕ ಬರಂಗಿಲ್ಲಂದ್ರ ಮದ್ಲ ಹೇಳಬೇಕಿಲ್ಲೋ? ನಿನ್ನ ಸುಮ್ನ ನೌಕರಿಯಿಂದ ತಗದಿಲ್ಲ ಬಿಡು!”

ಕಾಕಾ ಸೊಂಟದಿಂದ ದಾರ ಬಿಚ್ಚಿದರು. ಇಂಜಿನ್ ಬಿದ್ದ ಕಡೆಯೇ ಹಿಡಿದು, ಐದು ಕಾಳು ಇಟ್ಟರು. ಒಂದು ಮಾರು ಸರಿದು ಇನ್ನೊಂದು ಕಡೆ ಇಟ್ಟರು. ಮತ್ತೊಂದು ಕಡೆ. ಆಮೇಲೆ ದಾರದ ತುದಿಯನ್ನು ಸಾಹೇಬರತ್ತ ಚಾಚಿದರು. “ಸಾಬ್, ಆಪ್ ದೇಖೋ.”

ಸಾಹೇಬರು ಪ್ಯಾಂಟಿನ ಮೊಣಕಾಲು ಎಳೆದುಕೊಂಡು ನೆಲಕ್ಕೆ ಕೂತರು. ದಾರ ಹಿಡಿಯುವುದು ಅವರಿಗೂ ಬರುತ್ತಿತ್ತು. ತಾವೇ ಕಾಳು ಇಟ್ಟರು. ಐದು. ಬೇರೆ ಕಡೆ ಇಟ್ಟರು. ಐದು. ಸಣ್ಣ ಇಂಜಿನ್ ಹೋದ ಹಳಿ, ದೊಡ್ಡದು ಬಿದ್ದ ಹಳಿ, ಅದೇ ಹಳಿ. ಮೇಲೆದ್ದು ಕೈ ಕೊಡವಿಕೊಂಡು, ಮೇಮ್‌ಸಾಹೇಬರ ಕಡೆ ತಿರುಗಿ ಮೆಲ್ಲಗೆ ಅಂದರು:

“ಹಿ ಈಸ್ ರೈಟ್, ಆಫ್ ಕೋರ್ಸ್. ವಿ ನ್ಯೂ ಇಟ್ ಅಟ್ ದ ಟೈಮ್.”

ಅವನು ಹೇಳುವುದು ಸರಿ. ಆಗಲೇ ನಮಗೆ ಗೊತ್ತಿತ್ತು. ಸಾಹೇಬರಿಗೆ ಉರ್ದು ಚೆನ್ನಾಗಿ ಬರುತ್ತಿತ್ತು. ಊಟದುದ್ದಕ್ಕೂ ದೇಸಾಯರ ಜೊತೆ ಉರ್ದುವಿನಲ್ಲೇ ಮಾತಾಡಿದ್ದರು. ಈ ಮಾತನ್ನು ಮಾತ್ರ ಇಂಗ್ಲಿಷಿನಲ್ಲಿ ಆಡಿದರು. ಆ ಪಡಸಾಲೆಯಲ್ಲಿ ಅದು ಅರ್ಥವಾದದ್ದು ಮೇಮ್‌ಸಾಹೇಬರಿಗೆ, ನಮ್ಮ ತಂದೆಗೆ, ನನಗೆ.

ಮುಕಾದಮ ಕಾಕಾ ವಕೀಲರನ್ನು ಕೇಳಲಿಲ್ಲ. ನನ್ನನ್ನು ಕೇಳಿದರು. “ಅವ್ವಿ, ಸಾಹೇಬ ಏನಂದ್ರು?”

ನಾನು ತಂದೆಯವರ ಮುಖ ನೋಡಿದೆ. ಅವರು ತಲೆಯನ್ನು ಒಂದು ಸಲ, ಇಷ್ಟೇ ಇಷ್ಟು, ಅಡ್ಡಕ್ಕೆ ಆಡಿಸಿದರು. ಕೆಲಸದವರು, ದೇಸಾಯರು, ಬಾಗಿಲಲ್ಲಿ ನಿಂತ ಹೆಂಗಸರು, ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

“ಆಟಗಿ ಭಾಳ ಚಂದ ಅದ ಅಂದ್ರು,” ಎಂದೆ.

ಕಾಕಾ ತಲೆಯಾಡಿಸಿದರು. ಬಗ್ಗಿ ಐದು ಕಾಳುಗಳನ್ನು ಒಂದೊಂದಾಗಿ ಹೆಕ್ಕಿ ಧೋತರದ ಚುಂಗಿಗೆ ಗಂಟು ಹಾಕಿಕೊಂಡರು.

ಮನೆಗೆ ಬಂದ ಮೇಲೆ ತಂದೆ ನನಗೊಬ್ಬಳಿಗೇ ಕೇಳುವಂತೆ ಹೇಳಿದರು: “ಹೇಳಿದ್ರ ಅವಂಗೇನು ಸಿಗತಿತ್ತು? ನೌಕರಿ ತಿರುಗಿ ಕೊಡ್ತಿದ್ರೇನು?” ತಂದೆ ಕೆಟ್ಟವರಲ್ಲ. ಹೆದರಿದ್ದರು. ನಾನೂ ಅಷ್ಟೇ. ಕಾನ್ವೆಂಟಿನಲ್ಲಿ ನಾವು ಪ್ರತಿ ಶುಕ್ರವಾರ ‘ಎಗ್ಸಾಮಿನೇಶನ್ ಆಫ್ ಕಾನ್ಶಿಯನ್ಸ್’ ಎಂದು, ಮಾಡಿದ ತಪ್ಪುಗಳನ್ನು ನೆನೆಯಲು ಕಣ್ಣು ಮುಚ್ಚಿ ಕೂರುತ್ತಿದ್ದೆವು. ಅಲ್ಲಿಯವರೆಗೆ ನನಗೆ ಹೇಳಿಕೊಳ್ಳಲು ತಪ್ಪುಗಳೇ ಸಿಗುತ್ತಿರಲಿಲ್ಲ. ಬ್ರೆಡ್ ಕದ್ದೆ, ಸುಳ್ಳೇ ಕೆಮ್ಮಿದೆ ಎಂದು ಹುಟ್ಟಿಸಿಕೊಳ್ಳುತ್ತಿದ್ದೆ.

ರಜೆ ಮುಗಿಯಿತು. ಸ್ಟೇಷನ್ನಿನಲ್ಲಿ ಗಾಡಿಗೆ ಕಾಯುತ್ತಿದ್ದಾಗ ಬೇಲಿಯಾಚೆ ಕಾಕಾ ಎಂದಿನಂತೆ ನಿಂತಿದ್ದರು. ಪ್ರತಿ ಸಲ ಅಲ್ಲಿಂದಲೇ ನನ್ನನ್ನು ಕಳಿಸುತ್ತಿದ್ದರು. ನಾನು ತಂದೆಯ ಕೈ ಬಿಡಿಸಿಕೊಂಡು ಓಡಿದೆ.

“ಕಾಕಾ, ನಾ ಅವತ್ತು ಸುಳ್ಳು ಹೇಳಿದೆ. ನೀವು ಹೇಳೋದು ಸರಿ ಅಂದ್ರು ಸಾಹೇಬರು. ಆವಾಗಲೇ ನಮಗ ಗೊತ್ತಿತ್ತು ಅಂದ್ರು.”

ಅವರು ಬೇಲಿಯ ತಂತಿಯನ್ನು ಹಿಡಿದುಕೊಂಡರು. “ಸಾಹೇಬ ಅಂದಂಗ ಅನ್ನು,” ಎಂದರು. ಇಂಗ್ಲಿಷಿನಲ್ಲಿ ಅಂದೆ. “ಮತ್ತೊಮ್ಮೆ.” ಅಂದೆ. ಗಾಡಿ ಬರುವವರೆಗೆ ಅವರಿಗೆ ಆ ಮಾತು ಬಾಯಿಪಾಠ ಮಾಡಿಸಿದೆ. ಅಕ್ಷರ ಬಾರದ ಮನುಷ್ಯ, ತೊಡರುತ್ತ ತೊಡರುತ್ತ ಕಲಿತರು.

“ಇಂಗ್ಲಿಷ್ ಯಾಕ ಕಾಕಾ? ಕನ್ನಡದಾಗ ಹೇಳ್ರಿ ಎಲ್ಲಾರಿಗೂ.”

“ಕನ್ನಡದಾಗ ನಾ ಹೇಳಿದ್ರ, ಮುಕಾದಮ ತನ್ನ ತಾನ ಹೊಗಳಿಕೊಳ್ಳಾಕತ್ತಾನ ಅಂತಾರ. ಸಾಹೇಬನ ಮಾತು ಸಾಹೇಬನಂಗ ಇರಲಿ. ಕನ್ನಡದಾಗ ನೀ ಹೇಳು, ಮಂದಿ ಮುಂದ. ಮುಂದಿನ ಸಲ ಬಂದಾಗ ಹೇಳು.”

“ಹೇಳ್ತೀನಿ,” ಎಂದೆ. ಪ್ರಾಮಿಸ್ ಎಂದೂ ಅಂದೆ.

ಹೇಳಲಿಲ್ಲ. ಮುಂದಿನ ರಜೆಯಲ್ಲಿ ದೇಸಾಯರ ಕೇಸು ನಡೆಯುತ್ತಿತ್ತು. ಅದರ ಮುಂದಿನ ರಜೆಯಲ್ಲಿ ನಾನು ದೊಡ್ಡವಳಾಗಿದ್ದೆ, ಓಣಿಯಲ್ಲಿ ನಿಂತು ಮಾತಾಡುವುದು ಬಂದಾಗಿತ್ತು. ಆಮೇಲೆ ಯುದ್ಧ, ಆಮೇಲೆ ಹೈದರಾಬಾದಿಗೆ ಮದುವೆ. ಕಾರಣಗಳಿಗೇನು, ಸಿಕ್ಕುತ್ತಲೇ ಇದ್ದವು. ಕಾಕಾ ಒಮ್ಮೆಯೂ ನೆನಪಿಸಲಿಲ್ಲ. ಆದರೆ ಆ ಇಂಗ್ಲಿಷ್ ಮಾತನ್ನು ಅವರು ಬಿಡಲಿಲ್ಲ. ಕಟ್ಟೆಯ ಮೇಲೆ ಕೂತಾಗ, ಬಂಡಿ ಗಾಲಿ ರಿಪೇರಿ ಮಾಡುವಾಗ, ಯಾರಾದರೂ ಹಳೆಯ ಕಥೆ ತೆಗೆದರೆ, “ವಿ ನ್ಯೂ ಇಟ್ ಅಟ್ ದ ಟೈಮ್” ಎನ್ನುತ್ತಿದ್ದರಂತೆ. “ಮುಕಾದಮಗ ಇಂಗ್ಲಿಷ್ ಹಿಡದದ, ಗುಡಿ ಅಂಗಾರ ಹಚ್ಚಿಸ್ರಿ!” ಎಂದು ಮಂದಿ ನಗುತ್ತಿದ್ದರಂತೆ. ಊರುಗೋಲಿನವನು ಮಾತ್ರ ನಗದೆ ಎದ್ದು ಹೋಗುತ್ತಿದ್ದನಂತೆ. ಇದೆಲ್ಲ ಕಾಕಿ ಹೇಳಿದ್ದು.

ನಿಜಾಮರ ರಾಜ್ಯ ಮುಗಿಯುವ ಮುಂಚಿನ ಬೇಸಿಗೆಯಲ್ಲಿ ನಾನು ತವರಿಗೆ ಬಂದಿದ್ದಾಗಲೇ ಅವರು ತೀರಿಕೊಂಡರು. ಬೆಳಗಿನ ಹೊತ್ತು. ಗೋಡೆಯಾಚೆ ಅಳು ಕೇಳಿ ಹೋದೆ. ಹಳೆಯ ಗ್ಯಾಂಗಿನವರು ನಾಲ್ಕೈದು ಜನ, ಓಣಿಯ ಮಂದಿ, ಕಟ್ಟೆಯ ತುದಿಯಲ್ಲಿ ಊರುಗೋಲು ಒರಗಿಸಿಕೊಂಡು ಆ ಮನುಷ್ಯ. ಮಲಗಿಸಿದ್ದ ಮುಖದಲ್ಲಿ ಗೆರೆ ಹಾಗೇ ಇತ್ತು.

ಕಾಕಿ ನನ್ನ ಕೈ ಹಿಡಿದುಕೊಂಡರು. “ನಿನ್ನೆ ತನಾನೂ ಅದ ಇಂಗ್ಲಿಷ್ ಅಂತಿದ್ರವ್ವ. ಅದು ಏನು ಮಾತೋ, ಯಾರಿಗೂ ತಿಳೀಲಿಲ್ಲ. ನಿನಗ ಬರ್ತದಲ್ಲ, ಹೇಳವ್ವ.”

ತಂದೆಯವರು ನನ್ನ ಹಿಂದೆಯೇ ನಿಂತಿದ್ದರು. ಈ ಸಲ ನಾನು ತಿರುಗಿ ನೋಡಲಿಲ್ಲ. ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದೆ. ಶಹಾಪುರದ ಪಡಸಾಲೆ, ಐದು ಕಾಳು, ನಾನು ಹೇಳಿದ ಸುಳ್ಳು, ಎಲ್ಲ ಹೇಳಿದೆ. “ಮುಕಾದಮರ ಪಟ್ರಿ ಸರಿ ಇತ್ತು. ಆ ತಿರುವಿನ್ಯಾಗ ಆ ಇಂಜಿನ್ ಹೊಗಿಸಬಾರದಿತ್ತು. ಇದು ಆವಾಗಲೇ ನಮಗ ಗೊತ್ತಿತ್ತು ಅಂತ ಸಾಹೇಬರು ತಮ್ಮ ಬಾಯಲೆ ಅಂದಾರ.”

“ಇಷ್ಟನ?” ಕಾಕಿ ಕಣ್ಣೊರೆಸಿಕೊಂಡು ನನ್ನನ್ನೇ ನೋಡಿದರು. “ಇಷ್ಟು ಮಾತು ಕನ್ನಡದಾಗ ಹೇಳಾಕ ಇಷ್ಟು ವರ್ಷ ಬೇಕಾತೇನು?”

ಗ್ಯಾಂಗಿನವರಲ್ಲಿ ಎಲ್ಲರಿಗಿಂತ ಹಿರಿಯ, ಕಾಕಾನ ಜೊತೆ ಆ ಹತ್ತಿ ಕಾರ್ಖಾನೆಯ ಹಳಿ ಹಾಕಿದವನು, ನೆಲ ನೋಡುತ್ತ ಹೇಳಿದ:

“ಆವಾಗ ನಮಗೂ ಗೊತ್ತಿತ್ತವ್ವ.”

ಊರುಗೋಲಿನವನು ಎದ್ದ. ಹೋಗಿಬಿಡುತ್ತಾನೆ ಅಂದುಕೊಂಡೆ. ಅವನು ಕುಂಟುತ್ತ ಬಂದು ಕೋಲನ್ನು ಗೋಡೆಗಿಟ್ಟು, ಚಟ್ಟಕ್ಕೆ ಹೆಗಲು ಕೊಡುತ್ತೇನೆಂದ. ಎರಡೂ ಕಾಲಿದ್ದವರು ಅವನನ್ನು ಆ ಕಡೆ ಈ ಕಡೆ ಹಿಡಿದುಕೊಂಡು ನಡೆಸಿದರು. ಸಂದಿಯ ತಿರುವಿನಲ್ಲಿ, ನಾವು ಹೊರಸು ಸಿಕ್ಕಿಸಿಕೊಂಡಿದ್ದ ಅದೇ ಜಾಗದಲ್ಲಿ, ಎಲ್ಲರೂ ನಿಂತು, ಚಟ್ಟವನ್ನು ಎತ್ತರಕ್ಕೆ ಎತ್ತಿ, ಗೋಡೆಗೆ ತಾಗದಂತೆ ನಿಧಾನವಾಗಿ ತಿರುಗಿಸಿಕೊಂಡರು.

ಈಗ ನನಗೆ ವಯಸ್ಸಾಗಿದೆ. ಮೊಮ್ಮಕ್ಕಳು ಯಾರದಾದರೂ ಮಾತು ಅರ್ಥವಾಗದೆ “ಅಜ್ಜಿ, ಅವರು ಏನಂದ್ರು?” ಎಂದು ಕೇಳಿದರೆ, ಅಂದದ್ದನ್ನೇ ಹೇಳುತ್ತೇನೆ, ಅಂದವರ ಮುಂದೆಯೇ ಹೇಳುತ್ತೇನೆ. ಮನೆಯಲ್ಲಿ ಇದರಿಂದ ನನಗೆ ಒಳ್ಳೆಯ ಹೆಸರಿಲ್ಲ. ಟ್ಯಾಕ್ಟ್ ಇಲ್ಲ ಅನ್ನುತ್ತಾರೆ. ಇರಲಿ. ಬೇಲಿಯ ತಂತಿ ಹಿಡಿದು ನಿಂತ ಆ ಮನುಷ್ಯನಿಗೆ ನಾನು ಮುಟ್ಟಿಸಬೇಕಾದದ್ದನ್ನು ಇನ್ನೂ ಚೂರುಚೂರಾಗಿ ಮುಟ್ಟಿಸುತ್ತಿದ್ದೇನೆ.